ಇಮಾಮಸಾಬ್ ಮಾಸ್ತರರ ಟ್ರಯಲ್

ಗಿರಾಕಿ ಅಂಗಿ ಕೇಳಲು ಬಂದ ಗಳಿಗೆಗೇ ಎದ್ದು ಓಡುವುದು ಇಮಾಮಸಾಬ್ ಟೇಲರ್ ಮಾಸ್ತರರ ಚಟವೆಂದು ಕರಜಗಿಯ ಜನ ನಂಬಿದ್ದರು. ಕೊರಳಲ್ಲಿ ಟೇಪು ಜೋತಾಡುತ್ತಿತ್ತು, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದ ಮನೆಯ ಕಡೆಗೆ ಒಂದೇ ಓಟ. "ಹೊಲಿದಿಲ್ಲ, ಅದಕ್ಕ ಓಡ್ಯಾನ ನೋಡು ಸುಳ್ಳಾ!" ಎಂದು ಗಿರಾಕಿ ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದ. ಅಂಗಿಯೋ ಹೊಲಿದು, ಇಸ್ತ್ರಿಯಾಗಿ, ಅವನ ತಲೆಯ ಹಿಂದಿನ ಗೂಟಕ್ಕೇ ತೂಗಿರುತ್ತಿತ್ತು. ಮಾಸ್ತರರನ್ನು ಓಡಿಸುತ್ತಿದ್ದದ್ದು ಹೊಟ್ಟೆ. ದೊಡ್ಡ ಕರುಳಿನ ತುಂಬ ಹುಣ್ಣಾಗಿ ರಕ್ತ ಬೀಳುತ್ತಿತ್ತು. ಇದು ಗೊತ್ತಿದ್ದದ್ದು ಅವರ ಹೆಂಡತಿ ಚಾಂದಬೀಗೆ ಮತ್ತು ಪಕ್ಕದ ಮನೆಯ ನನಗೆ.

ನಾನು ಗೌಂಡಿ, ಗಾರೆ ಕೆಲಸದವನು. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು. ನಾನು ಹಾಸಿದ ಫರಸಿಕಲ್ಲಿನ ನೆಲದ ಮೇಲೆ ನೀರು ನಿಂತದ್ದನ್ನು ಯಾರಾದರೂ ತೋರಿಸಲಿ, ಮೀಸೆ ಬೋಳಿಸುತ್ತೇನೆ. ಮಾಸ್ತರರಿಗೂ ಅಂಥದೇ ಸೊಕ್ಕು. ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಕೂರಿಸಿ, ಏಳಿಸಿ, ಬಗ್ಗಿಸಿ ನೋಡದೆ ಅವರು ಪಕ್ಕಾ ಹೊಲಿಗೆ ಹಾಕಿದವರೇ ಅಲ್ಲ. ಚೌಡಾಪುರದ ಮದುಮಗನೊಬ್ಬ, "ಅಳತಿ ಸಾಕ್ರಿ, ಟ್ರಯಲ್ ಸಲುವಾಗಿ ಎರಡ್ ಬಸ್ ಬದಲಿಸಿ ಮತ್ತ ಯಾರ ಬರ್ತಾರ?" ಎಂದದ್ದಕ್ಕೆ, "ಹೆಣ್ಣೂ ಹಂಗೇ ನೋಡದೇ ಮಾಡ್ಕೊಂಡಿಯೇನು?" ಎಂದು ಅವನ ಬಟ್ಟೆ ತಿರುಗಿ ಕೊಟ್ಟಿದ್ದರು.

ಒಂದು ಬೇಸಗೆಯಲ್ಲಿ ಅವರ ಹೊಟ್ಟೆ ಉಬ್ಬಿ ಪ್ರಾಣಕ್ಕೇ ಬಂತು. ಸೊಲ್ಲಾಪುರದ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಕ್ಕೆ ಹೊರತಂದು, ಅದರ ಮೇಲೆ ಚೀಲ ಅಂಟಿಸಿ ಕಳಿಸಿದರು. ಆರು ತಿಂಗಳ ಮೇಲೆ ಮತ್ತೆ ಹೋದೆವು. ಗುದನಾಳವೂ ಕೆಟ್ಟಿದೆ, ಅದನ್ನೂ ತೆಗೆಯಬೇಕು, ಮುಂದೆ ಹೇಗಿರಬೇಕೆಂಬುದನ್ನು ನೀವೇ ಆರಿಸಿಕೊಳ್ಳಿ ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. ಕೆಳಗಿನ ದಾರಿ ಮುಚ್ಚಿ ಹೊರಗಿನ ಚೀಲವನ್ನೇ ಕಾಯಂ ಮಾಡಬಹುದು. ಇಲ್ಲವೆಂದರೆ ಸಣ್ಣ ಕರುಳನ್ನೇ ಮಡಚಿ ಒಳಗೊಂದು ಚೀಲ ಹೊಲಿದು ಕೆಳಗೆ ಜೋಡಿಸಬಹುದು. ಆಗ ಎಲ್ಲರ ಹಾಗೆ ಕಕ್ಕಸಿಗೆ ಕೂರಬಹುದು. ಒಳಚೀಲಕ್ಕೆ ಹೊಟ್ಟೆಯ ಮೇಲೆ ಬಾಯಿ ಇಟ್ಟು, ನಳಿಗೆ ಹಾಕಿ ಖಾಲಿ ಮಾಡುವುದೂ ಉಂಟು. ಆದರೆ ಅದನ್ನು ಮಾಡುವವರು ಕಡಿಮೆ, ದೂರ ಹೋಗಬೇಕು.

ಮಾಸ್ತರರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸಾಹೇಬ್ರ, ಮಡಚಿದಲ್ಲಿ ಮೂಲಿ ಚೂಪ್ ಬರಬಾರದ್ರಿ. ಗುಂಡಗ ತಿರುವ್ರಿ. ಇಲ್ಲಾಂದ್ರ ಮೊದ್ಲ ಅಲ್ಲೇ ಹರೀತದ."

"ಗುಂಡಗೇ ತಿರುವ್ತೀವಿ ಮಾಸ್ತರ."

"ಟ್ರಯಲ್?"

ಡಾಕ್ಟರು ನಕ್ಕು ಅದೂ ಇದೆ ಎಂದರು. ಒಳಚೀಲ ಹೊಲಿದ ಮೇಲೂ ಕೆಲವು ವಾರ ಮಲ ಹೊರಗಿನ ಚೀಲಕ್ಕೇ ಬರುತ್ತದೆ. ಒಳಗೆ ಔಷಧಿ ಬಿಟ್ಟು, ಎಕ್ಸ್‌ರೇ ತೆಗೆದು, ಹೊಲಿಗೆ ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ದಾರಿ ಬಿಡುವುದು.

ಮಾಸ್ತರರ ಮುಖ ಅರಳಿತು. "ಗೌಂಡಿ, ಈ ಮನಷ್ಯಾ ನಮ್ಮ ಕಸಬಿನಂವ! ಮತ್ತ ದಿನಕ್ಕ ಎಷ್ಟ್ ಸಲ ಏಳಬೇಕ್ರಿ ಸಾಹೇಬ್ರ?"

"ಮೊದಮೊದ್ಲ ಎಂಟ್ ಸಲ, ಆಮ್ಯಾಲ ಐದಾರು. ಆದ್ರ ತಡಕೊಳ್ಳಾಕ ಬರ್ತದ, ಮೊದ್ಲಿನಂಗ ಓಡೋದಿಲ್ಲ. ಭಾಳ ಮಂದಿ ಖುಷಿ ಇದ್ದಾರ."

ವಾರದಲ್ಲಿ ಹೇಳುತ್ತೇವೆಂದು ಬಂದೆವು. ಚಾಂದಬೀಗೆ ಒಳಚೀಲವೇ ಬೇಕಾಗಿತ್ತು. "ಒಳಗ ಹಾಕಿಸ್ಕೊರಿ. ಮಂದಿ ಕಣ್ಣಿಗೆ ಬೀಳಾಂಗಿಲ್ಲ."

"ಮಂದಿ ಕಣ್ಣಿಗೆ ನಾ ಮಶೀನ್ ಮ್ಯಾಲ ಬೀಳಬೇಕು. ನನಗ ಅದೊಂದೇ ಬೇಕಾಗ್ಯದ."

ಮರುದಿನ ನನ್ನನ್ನು ಅಂಗಡಿಗೆ ಕರೆದರು. "ಇವತ್ತ ನನ್ನ ಟ್ರಯಲ್. ಒಳಚೀಲ ಹಾಕಿಸೀನಿ ಅಂತ ತಿಳಕೋ. ಸಂಜಿತನ ಎಂಟ್ ಸಲ ಎಬ್ಬಿಸು. ಕೈಯಾಗ ಏನೇ ಇರ್ಲಿ, ಬಿಡಬ್ಯಾಡ."

ಕೆಲಸ ಬಿಟ್ಟು ಕೂತೆ. ಗಡಿಯಾರ ನೋಡಿ ನಾನು "ಏಳ್ರಿ" ಅನ್ನುವುದು, ಅವರು ಮನೆಗೆ ಹೋಗಿ ಕಕ್ಕಸಿನ ಬಾಗಿಲು ಮುಟ್ಟಿ ಬರುವುದು. ಎರಡನೆಯ ಸಲ ಕಿರಾಣಿ ಅಂಗಡಿಯವನು ತಡೆದು ತಬಿಯತ್ತು ವಿಚಾರಿಸಿದ. ಮೂರನೆಯ ಸಲ ಚಹಾ ಕುಡಿಸಿದ. ಐದನೆಯ ಸಲ ಹೋದಾಗ ಅಂಗಡಿಗೆ ಗಿರಾಕಿ ಬಂದ. "ಮಾಸ್ತರ ಎಲ್ಲಿ?"

"ಮನಿಗೆ ಹೋಗ್ಯಾರ."

"ಮತ್ತ ಓಡ್ಯಾನೇನು ಸುಳ್ಳಾ!"

ಅಷ್ಟರಲ್ಲಿ ಬಂದು ಅವನ ಬೆನ್ನ ಹಿಂದೆ ನಿಂತಿದ್ದ ಮಾಸ್ತರರು ಅದನ್ನು ಕೇಳಿಸಿಕೊಂಡೇ ಹೋಗಿ ಮಶೀನಿಗೆ ಕೂತರು. ಸಂಜೆಯ ಹೊತ್ತಿಗೆ ಮುಗಿದದ್ದು ಪಾಯಜಾಮದ ಒಂದು ಕಾಲು.

"ಅಂಗಡಿ ಹಿಂದ ನಾನೇ ಕಕ್ಕಸ್ ಕಟ್ಟಿಕೊಡ್ತೇನ್ರಿ. ಮೂರೇ ದಿನ. ಕೆಳಗ ಫರಸಿ," ಎಂದೆ.

"ನೀ ಕಟ್ಟತಿ, ಊರು ಬಂದು ಕೂಡ್ತದ. ಬಸ್ ಇಳಿದಾವ್ರೆಲ್ಲ ಮೊದ್ಲ ಅದರ ಬಾಗಲಾ ಬಡೀತಾರ. ನಾ ಹೊರಗ ಪಾಳಿ ಹಚ್ಚಬೇಕು."

ಸಿಟ್ಟಿನಲ್ಲೇ ಎದ್ದು ಮನೆಗೆ ಹೋದೆ.

ಮಾರನೆಯ ದಿನ ಮೊದಲೇ ಇದ್ದ ಹೊರಚೀಲದ ಟ್ರಯಲ್. ಬೆಳಿಗ್ಗೆ ಖಾಲಿ ಮಾಡಿ ಕೂತರು. ನಡುನಡುವೆ ಅಂಗಿಯ ಮೇಲಿಂದಲೇ ಕೈಯಾಡಿಸಿ ನೋಡಿ, ಹಿಡಿದ ಹೊಲಿಗೆ ಮುಗಿಸಿ, ಊಟಕ್ಕೊಮ್ಮೆ, ನಮಾಜಿಗೊಮ್ಮೆ ಎದ್ದಾಗಲೇ ಖಾಲಿ ಮಾಡಿಕೊಂಡರು. ಮೂರು ಪಾಯಜಾಮ ಮುಗಿದವು. "ಇದು ಕರೆಯಾಂಗಿಲ್ಲ ಗೌಂಡಿ. ನಾ ಹೋದಾಗ ಇದು ಬರ್ತದ."

ಸೊಲ್ಲಾಪುರದಲ್ಲಿ ಅದನ್ನೇ ಕಾಯಂ ಮಾಡಿಸಿಕೊಂಡರು. ಹುಷಾರಾಗಿ ಮನೆಗೆ ಬಂದ ಮೇಲೆ ಚಾಂದಬೀ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮಾಸ್ತರರು ಸೂಟಿನ ತುಂಡುಬಟ್ಟೆಗಳಲ್ಲಿ ಚೀಲಕ್ಕೆ ಗವಸು ಹೊಲಿದು, ಅಂಗಿಗೊಂದು ಬಣ್ಣದಂತೆ ಹಾಸಿ ತೋರಿಸಿದಾಗ, "ಅಯ್ಯ, ಇದಕ್ಕ ಗುಂಡಿ ಬ್ಯಾರೆ!" ಎಂದು ನಕ್ಕುಬಿಟ್ಟರು. ಆಮೇಲೆ ಮಾಸ್ತರರನ್ನು ಸುಳ್ಳ ಅನ್ನಲು ಊರಿಗೆ ಕಾರಣ ಸಿಗಲಿಲ್ಲ. ಬೇಕಾದರೆ ನೋಡಿ ಎನ್ನುವಂತೆ ಬಾಗಿಲ ಹತ್ತಿರಕ್ಕೇ ಮಶೀನು ಸರಿಸಿಕೊಂಡಿದ್ದರು.

ಕೆಲವು ವರ್ಷಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಜೇವರ್ಗಿಯ ಮಗಳ ಮನೆಗೆ ಹೋದರು. ಈ ಚಳಿಗಾಲ ಮಾಸ್ತರರು ನಿದ್ದೆಯಲ್ಲೇ ತೀರಿಕೊಂಡ ಸುದ್ದಿ ಬಂತು. ಅದಕ್ಕೂ ಎರಡು ತಿಂಗಳ ಮುಂಚೆ ಅಲ್ಲೊಂದು ಫರಸಿ ಕೆಲಸಕ್ಕೆ ಹೋದವನು ಅವರ ಪಡಸಾಲೆಯಲ್ಲಿ ಅರ್ಧ ದಿನ ಕೂತಿದ್ದೆ. ಅವರು ಹೊಲಿಯುತ್ತಲೇ ಮಾತಾಡಿದರು. ಚಾಂದಬೀ ಮೇಲಿಂದ ಮೇಲೆ ಚಹಾ ಕೊಟ್ಟರು. ನನಗೂ ಈಗ ವಯಸ್ಸಾಗಿದೆ. ಮೂರನೆಯ ಸಲ ಎದ್ದು ಹಿತ್ತಲಿಗೆ ಹೋಗಿ ಬಂದು ಕೂತಾಗ ಮಾಸ್ತರರು ಸೂಜಿಯಿಂದ ಕಣ್ಣು ಕೀಳದೆ ಹೇಳಿದರು:

"ಏನ್ ಗೌಂಡಿ, ಬಂದಾಗಿಂದ ಮೂರ್ ಸಲ ಎದ್ದಿ. ಒಮ್ಮೆ ಡಾಕ್ಟರ್‌ಗೆ ತೋರಿಸ್ಕೋ. ಅಂಜಬ್ಯಾಡ, ನಾ ಜೋಡಿ ಬರ್ತೇನಿ."