ಅಕ್ಕೋರು ಮತ ಹಾಕದ ಪುಟ

ಮೇ ತಿಂಗಳ ಉರಿಬಿಸಿಲಲ್ಲೂ ಅಕ್ಕೋರ ಎಡಗೈ ಸೆರಗಿನೊಳಗೇ ಇರುತ್ತಿತ್ತು. ಬಲಗೈಯ ತೋರುಬೆರಳೊಂದರಿಂದಲೇ ಅವರು ಲ್ಯಾಪ್‌ಟಾಪಿನ ಕೀಲಿಗಳನ್ನು ಕುಟ್ಟುತ್ತಿದ್ದರು, ಕೋಳಿ ಕಾಳು ಹೆಕ್ಕಿದ ಹಾಗೆ. ಎರಡೂ ಕೈ ಯಾಕೆ ಬಳಸುವುದಿಲ್ಲ ಎಂದು ಕೇಳಿದರೆ, "ಒಂದ ಬೆರಳಿಲೆ ಬರದ್ರ ಸುಳ್ಳು ಬರಿಯಾಕ ಬ್ಯಾಸರ ಬರ್ತೈತಿ" ಎಂದು ನಗುತ್ತಿದ್ದರು.

ತಿಕೋಟಾದ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ನನಗೂ ಕಲಿಸಿದ್ದಾರೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ನಮ್ಮ ಮಾತು, ಬರೆಯಲು ಕೂತರೆ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ನಿವೃತ್ತಿಯ ನಂತರ ಆನ್‌ಲೈನ್ ವಿಶ್ವಕೋಶಕ್ಕೆ ಬರೆಯುವ ಹುಚ್ಚು ಹಚ್ಚಿಕೊಂಡು, ವಿಜಯಪುರದ ಹಳೆಯ ಬಾವಡಿಗಳ, ಅಂದರೆ ಮೆಟ್ಟಿಲುಬಾವಿಗಳ ಮೇಲೆ ಒಂದೊಂದೇ ಪುಟ ಬರೆದರು. ಆ ಹುಚ್ಚನ್ನು ನನಗೂ ಅಂಟಿಸಿದರು. ನಾನು ಬರೆದದ್ದರಲ್ಲಿ "ಅದ್ಭುತ", "ಅಪ್ರತಿಮ" ಕಂಡರೆ ಕಳೆ ಕಿತ್ತಂತೆ ಕಿತ್ತು ಹಾಕುತ್ತಿದ್ದರು.

ಏನೇ ಹೇಳಿದರೂ ಅವರ ಮೊದಲ ಪ್ರಶ್ನೆ ಒಂದೇ: "ಯಾರು ಹೇಳ್ಯಾರ?" ಓಣಿಯ ಹೆಂಗಸೊಬ್ಬಳು ಮಗನಿಗೆ ಘೋಣಸಗಿಯ ಹೆಣ್ಣು ನೋಡಿ ಬಂದು, ಹುಡುಗಿ ಭಾಳ ಶಾಣ್ಯಾಕಿ ಎಂದು ಹೊಗಳಿದಾಗಲೂ ಅದನ್ನೇ ಕೇಳಿದರು. ಹುಡುಗಿಯ ಅವ್ವನೇ ಹೇಳಿದಳೆಂದು ತಿಳಿದಾಗ, "ಆಕಿ ಮಾತು ಬಿಡು. ಬಾಜೂ ಮನಿಯವ್ರು ಏನಂತಾರ, ಅದನ್ನ ಕೇಳು" ಅಂದರು.

ಆಗ ನನ್ನ ಗೆಳೆಯನೊಬ್ಬ ಒಂದು ಅಭಿಯಾನ ನಡೆಸುತ್ತಿದ್ದ. ಅವನದು ಒಣದ್ರಾಕ್ಷಿ ವ್ಯಾಪಾರ. ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ಟೆಂಪೊ, ಜೀಪು, ಕಾರಿನವರು ಒಂದು ಸೀಟನ್ನು ಆಸ್ಪತ್ರೆಗೆ ಹೋಗುವ ರೋಗಿಗೆ ಪುಕ್ಕಟೆ ಬಿಡಬೇಕು, ಅಷ್ಟೇ. ನಮ್ಮ ಕಡೆ ಚೆನ್ನಾಗಿ ನಡೆಯುತ್ತಿತ್ತು. ಬಬಲೇಶ್ವರದ ಗಾಡಿಯವರು ಮಾತ್ರ, ಗುರುತಿಲ್ಲದ ರೋಗಿ ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದು ಹಿಂಜರಿದರು. ವಿಶ್ವಕೋಶದಲ್ಲಿ ಪುಟವಿದ್ದರೆ ಅವರಿಗೂ ನಂಬಿಕೆ ಬರುತ್ತದೆ ಎಂದು ಗೆಳೆಯ ಹಟ ಹಿಡಿದ. ನಾನು ಪುಟ ಬರೆದೆ. ಕೆಲವೇ ದಿನಗಳಲ್ಲಿ ಯಾರೋ ಅದಕ್ಕೆ ಅಳಿಸುವ ಸೂಚನೆ ಅಂಟಿಸಿದರು. ಈ ವಿಷಯಕ್ಕೆ ಪ್ರತ್ಯೇಕ ಪುಟದ ಯೋಗ್ಯತೆ ಇದೆಯೇ ಎಂದು ಚರ್ಚೆ ಶುರುವಾಗಿ, ಬರೆಯುವವರು ಉಳಿಸಿ, ಅಳಿಸಿ ಎಂದು ಮತ ಹಾಕತೊಡಗಿದರು.

ಅಲ್ಲಿ ಅಕ್ಕೋರ ಮಾತಿಗೆ ತೂಕವಿತ್ತು. ನೆಟ್ಟಗೆ ಅವರ ಮನೆಗೆ ಹೋದೆ.

"ಅಕ್ಕೋರ, ಉಳಿಸ್ರಿ ಅಂತ ನೀವು ಒಂದು ಮಾತು ಬರದ್ರ ಸಾಕು."

"ಕೆಲಸ ಚೊಲೋ ಐತೋ ಇಲ್ಲೋ ಅಂತ ಅಲ್ಲಿ ಯಾರೂ ಕೇಳವಲ್ರು. ಹೊರಗಿನವ್ರು ಯಾರರ ಬಂದು, ನೋಡಿ, ತಾವಾಗೇ ಬರದಾರೇನು? ಅದನ್ನ ಕೇಳಾಕತ್ತಾರ."

"ಪೇಪರಿನ್ಯಾಗ ಬಂದೈತಲ್ರಿ."

"ಎಲ್ಲಾ ಪೇಪರಿನ್ಯಾಗೂ ನಿನ್ನ ಗೆಳ್ಯಾ ಕೊಟ್ಟ ಪ್ರಕಟಣೆನ ಐತಿ. ಕಾಮಾ ಸುದ್ದಾ ಬದಲಾಗಿಲ್ಲ."

"ಹಂಗಾದ್ರ ಅಳಿಸ್ರಿ ಅಂತನಾದ್ರೂ ಬರೀರಿ" ಎಂದು ಸಿಡುಕಿದೆ. ಅವರು ಚಹಾ ಮಾಡಲು ಎದ್ದರು. ನಾನು ಚಹಾ ಕುಡಿಯದೇ ಹೊರಟುಬಂದೆ. ನಮ್ಮ ಕಡೆ ಅದು ಸಣ್ಣ ಸಿಟ್ಟಲ್ಲ.

ಮರುದಿನ ನಾನು ಕಲಿಸುವ ವಿಜಯಪುರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಚರ್ಚೆಯ ಪುಟ ತೆರೆದೆ. ಅಕ್ಕೋರು ತಮ್ಮ ಹೆಸರಿನಲ್ಲೇ ಬರೆದಿದ್ದರು: "ನಾನು ಕಿಡ್ನಿಯ ರೋಗಿ. ಡಯಾಲಿಸಿಸ್‌ಗಾಗಿ ವಿಜಯಪುರಕ್ಕೆ ಹೋಗುವುದು ಈ ಅಭಿಯಾನದ ಸೀಟಿನಲ್ಲಿ. ಅದರ ಉಪಕಾರ ಪಡೆದವಳಾದ್ದರಿಂದ ಉಳಿಸಿ ಎನ್ನಲಾರೆ, ಅಳಿಸಿ ಎನ್ನಲಾರೆ. ಉಲ್ಲೇಖಿಸಿದ ವರದಿಗಳೆಲ್ಲ ಒಂದೇ ಪ್ರಕಟಣೆಯ ನಕಲುಗಳೆಂದು ಮಾತ್ರ ಗಮನಕ್ಕೆ ತರುತ್ತೇನೆ."

ವಾರಕ್ಕೆರಡು ಸಲ ವಿಜಯಪುರದ ಗ್ರಂಥಾಲಯಕ್ಕೆ ಹೋಗುತ್ತೇನೆಂದು ನಮಗೆಲ್ಲ ಹೇಳಿದ್ದರು. ನಿಜ ಗೊತ್ತಿದ್ದದ್ದು ನನ್ನ ಗೆಳೆಯನಿಗೆ ಮಾತ್ರ. ಅವನಿಂದ ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದರು. ನನಗೆ ಆ ದಿನ ಪಾಠ ಮಾಡಲಾಗಲಿಲ್ಲ.

ಸಂಜೆ ಹೋದಾಗ ಅವರೇ ಸೆರಗು ಸರಿಸಿ, ಸೂಜಿ ಚುಚ್ಚಿಸಿಕೊಂಡು ಉಬ್ಬಿದ್ದ ಎಡಗೈಯ ನರ ತೋರಿಸಿದರು.

"ಮೊದಲ ಯಾಕ ಹೇಳಲಿಲ್ರಿ?"

"ಮಂದಿ ಬಂದು ಮಾರಿ ಸಣ್ಣದು ಮಾಡ್ಕೊಂಡು ಕೂಡ್ತಾರ. ಆಮ್ಯಾಲ ನಾನ ಅವ್ರಿಗೆ ಸಮಾಧಾನ ಹೇಳಬೇಕು."

"ಮತ್ತ ಈಗ್ಯಾಕ ಬರದ್ರಿ? ಸುಮ್ಮ ಇರಬಹುದಿತ್ತಲ್ರಿ."

"ಸುಮ್ಮನ ಇದ್ನೆಪಾ. ಆದ್ರ ಅವು ನಕಲು ಅಂತ ಯಾರಿಗೂ ಕಾಣವಲ್ದು, ಅದನ್ನ ಹೇಳಬೇಕಿತ್ತು. ಹೇಳಬೇಕಂದ್ರ ನಾ ಯಾವ ಸೀಟಿನ್ಯಾಗ ಕುಂತೇನಿ ಅನ್ನೋದನ್ನೂ ಹೇಳಬೇಕಾತು."

ಅವರು ಹೆದರಿದ್ದಂತೆಯೇ ಆಯಿತು. ಓಣಿಯವರೆಲ್ಲ ಬಂದು ಕೂತರು, ಅಕ್ಕೋರು ಎಲ್ಲರಿಗೂ ಚಹಾ ಕೊಟ್ಟು ಸಮಾಧಾನ ಹೇಳಿದರು. ಪುಟ ಅಳಿಸಿಹೋಯಿತು. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ತಮ್ಮ ಮಾತಿನಿಂದ ಪುಟ ಹೋಯಿತೆಂಬ ಸಿಟ್ಟಿಗೆ ಟೆಂಪೊ ನಿಲ್ಲುತ್ತದೋ ಇಲ್ಲವೋ ಎಂದು ಅವರು ಬಸ್ಸಿನ ಚಾರ್ಜು ಕೈಯಲ್ಲಿ ಹಿಡಿದೇ ರಸ್ತೆಗೆ ಬಂದಿದ್ದರಂತೆ. ಟೆಂಪೊ ನಿಂತಿತು. ಬಿಜ್ಜರಗಿಯ ಡ್ರೈವರ್ ಇಳಿದು ಬಾಗಿಲು ತೆಗೆದ. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಇದನ್ನು ಹೇಳುವಾಗ ಮಾತ್ರ.

ಮುಂದಿನ ದ್ರಾಕ್ಷಿ ಸುಗ್ಗಿಯ ಹೊತ್ತಿಗೆ ಅಕ್ಕೋರು ಇರಲಿಲ್ಲ. ಅವರು ತೀರಿಕೊಂಡ ಮೇಲೆ ನಾನು ಬಸ್ಸು ಬಿಟ್ಟು ಹಳೆಯ ಕಾರೊಂದನ್ನು ಕೊಂಡೆ, ಪಕ್ಕದ ಸೀಟನ್ನು ಅಭಿಯಾನಕ್ಕೆ ಬಿಟ್ಟೆ. ಈಚೆಗೆ ಹೊರಗಿನ ವರದಿಗಾರ್ತಿಯೊಬ್ಬಳು ಯಾರ ಪ್ರಕಟಣೆಯನ್ನೂ ನೆಚ್ಚದೆ, ರೋಗಿಗಳ ಜೊತೆ ಗಾಡಿಗಳಲ್ಲಿ ಓಡಾಡಿ ದೊಡ್ಡ ವರದಿ ಬರೆದಳು. ಗೆಳೆಯ ಪೇಪರ್ ಹಿಡಿದುಕೊಂಡು ಓಡಿಬಂದ. "ಈಗರ ಬರಿಯೋ ಮಾರಾಯಾ, ಇನ್ನ ಯಾರೂ ಅಳಸಾಂಗಿಲ್ಲ."

ಅವನೆದುರೇ ಕೂತು ಮೊದಲ ಸಾಲು ಟೈಪ್ ಮಾಡಿದೆ. ಮುಂದೆ ಕೈ ಓಡಲಿಲ್ಲ. ಅದನ್ನು ಅಳಿಸಿ, ಹೊಸ ಪುಟಗಳಿಗೆ ಕೋರಿಕೆ ಸಲ್ಲಿಸುವ ಕಡೆ ಹೋಗಿ ಬರೆದೆ: "ನನ್ನ ಕಾರಿನ ಸೀಟೂ ಈ ಅಭಿಯಾನದಲ್ಲಿದೆ. ಆದ್ದರಿಂದ ಈ ಪುಟ ನಾನು ಬರೆಯುವಂತಿಲ್ಲ. ವರದಿಯ ವಿವರ ಕೊಟ್ಟಿದ್ದೇನೆ. ಸಂಬಂಧವಿಲ್ಲದವರು ಯಾರಾದರೂ ಓದಿ ನಿರ್ಧರಿಸಿ."

ಗೆಳೆಯ ಪರದೆಯನ್ನೂ ನನ್ನ ಮುಖವನ್ನೂ ನೋಡಿ ತಲೆ ಕೊಡವಿದ. "ನಿನಗೂ ಅಕ್ಕೋರ ಗಾಳಿ ಬಡದೈತಿ ಬಿಡು."

ಬೈಗುಳವೆಂದೇ ಅವನು ಅಂದದ್ದು. ನನ್ನನ್ನು ಯಾರೂ ಈವರೆಗೆ ಅಷ್ಟು ಹೊಗಳಿರಲಿಲ್ಲ.