ರಾಕ್ಷಸನ ಪಾತ್ರಕ್ಕ ನಮ್ಮಪ್ಪ

ನಮ್ಮ ಮನಿಯವರು ಒಮ್ಮೆ ಸೂಪರ್‌ಹೀರೋ ಆಗಿದ್ರು ಅಂದ್ರ ದಾಂಡೇಲಿಯಾಗ ಯಾರೂ ನಂಬೂದಿಲ್ಲ. ಧಾರವಾಡ ಕಡೆಯವರು, ಪೇಪರ್ ಮಿಲ್ಲಿನಾಗ ಕೆಲಸ. ಹೊಟ್ಟಿ ಸ್ವಲ್ಪ ಮುಂದ ಬಂದೈತಿ, ಮಾತಂತೂ ಜಗ್ಗಿ ಜಗ್ಗಿ ಹೊರಗ ತಗೀಬೇಕು. ಆದ್ರ ಅವರ ನೀಲಿ ಡ್ರೆಸ್ಸು, ಬೆನ್ನಿಗೆ ಇಳಿಬಿಡೂ ಕೆಂಪು ಬಟ್ಟಿ, ಕಣ್ಣಿಗೆ ಕಟ್ಟೂ ಕರೀ ಪಟ್ಟಿ ಇವತ್ತಿಗೂ ನನ್ನ ಟ್ರಂಕಿನಾಗ ಅದಾವ. ಹೊಲಿದಾಕಿ ನಾನ. ಬ್ಲೌಸ್ ಹೊಲಿಯೂದು ನನ್ನ ಉದ್ಯೋಗ, ಅಷ್ಟು ದೊಡ್ಡ ಸೊಂಟದ ಅಳತಿ ಅದಕ್ಕ ಮುಂಚೆ ಯಾವತ್ತೂ ತಗೊಂಡಿರಲಿಲ್ಲ.

ಅವರು ಹೀರೋ ಆದ ಸಿನಿಮಾ ಮಾತ್ರ ನಮ್ಮ ತಂಗೀದು. ಆಕಿ ಮುಂಡಗೋಡದಾಗ ಫೋಟೋ ಸ್ಟುಡಿಯೋ ಇಟ್ಟಾಳ, ಮಂದಿ ಲಗ್ನದ ವಿಡಿಯೋ ತಗೀತಾಳ. ತಾನು ಮಾತ್ರ ಲಗ್ನ ಆಗಿಲ್ಲ. ಕೇಳಿದ್ರ "ದಿನಾ ನೋಡಿ ನೋಡಿ ಸಾಕಾಗೇತಿ ಬಿಡಕ್ಕಾ" ಅಂತಾಳ. ಅಲ್ಲೇ ಹತ್ರ ಇಂದೂರ ಅನ್ನೂ ಹಳ್ಳ್ಯಾಗ, ನಮ್ಮ ತವರುಮನಿಯಾಗ ಅಪ್ಪನ ಕೂಡ ಇರ್ತಾಳ.

ಅಪ್ಪ ರೈತ. ಆದ್ರ ಊರಾಗ ಯಾರೂ ಅವನ್ನ ರೈತ ಅಂತ ಗುರ್ತಿಡೂದಿಲ್ಲ, ದೊಡ್ಡಾಟದ ರಾಕ್ಷಸ ಅಂತ ಗುರ್ತಿಡ್ತಾರ. ಮೂವತ್ತು ವರ್ಷ ಅದೊಂದ ಪಾತ್ರ. ಪರದೆ ಹಿಂದಿನಿಂದ ಒಮ್ಮೆ ಒದರಿದ್ರ ಸಾಕು, ಮುಂದ ಕುಂತ ಸಣ್ಣ ಹುಡುಗೂರು ತಾಯಂದಿರ ಸೆರಗಿನಾಗ ಮಾರಿ ಹುದುಗಸ್ತಿದ್ವು. ನಾವಿಬ್ಬರೂ ಹುದುಗಸ್ತಿರಲಿಲ್ಲ. ನಮಗ ಆ ಸೆರಗೂ ಇರಲಿಲ್ಲ. ಅವ್ವ ಹೋದಾಗ ನನಗ ಒಂಬತ್ತು ವರ್ಷ, ತಂಗಿಗೆ ಐದು. ಮರುವಾರದಿಂದನ ಅಪ್ಪ ಕಟ್ಟಿ ಮ್ಯಾಲೆ ಕುಂತು ನಮಗ ಜಡಿ ಹಾಕಾಕ ಕಲ್ತ. ಜಡಿ ಹಾಕ್ತ ಹಾಕ್ತ ಪಾತ್ರದ ಮಾತು ಒಪ್ಪಸ್ತಿದ್ದ, ಸಾರಥಿ ಮಾತು ನಾ ಹೇಳಬೇಕಿತ್ತು.

ಸಾರಥಿ ಅಂದ್ರ ದೊಡ್ಡಾಟ ನಡಸಾಂವ. ದೇವರು ಬರಲಿ, ರಾಕ್ಷಸ ಬರಲಿ, ಪರದೆ ಸರಿಸಿ ಮುಂದ ಬಂದಕೂಡ್ಲೆ ಸಾರಥಿ "ಹೀಗೆ ಬಂದಂಥವರು ತಾವು ಧಾರು?" ಅಂತ ಕೇಳಬೇಕು, ಧಾರು ಅಂದ್ರ ಯಾರು. ಬಂದಾಂವ ತನ್ನ ಹೆಸರು, ಊರು, ಮಾಡಿದ ಪರಾಕ್ರಮ ಎಲ್ಲಾ ಬಾಯಿ ತುಂಬ ಹೇಳಬೇಕು. ಕೇಳಿದ್ದಕ್ಕ ಉತ್ತರ ಕೊಡಲಾರದ ಪಾತ್ರ ಒಂದು ಹೆಜ್ಜಿ ಮುಂದ ಇಡಂಗಿಲ್ಲ. ಒಮ್ಮೆ ಒಬ್ಬ ಸಾರಥಿ ನಿದ್ದಿಗಣ್ಣಾಗ ರಾಕ್ಷಸಗ "ಅಮ್ಮಾ, ತಾವು ಧಾರು?" ಅಂತ ಕೇಳಿಬಿಟ್ಟಿದ್ದನಂತ. ಅಪ್ಪ ಅದಕ್ಕೂ ಉತ್ತರ ಕೊಟ್ಟಾನ, ಜನ ಹೊಟ್ಟಿ ಹುಣ್ಣಾಗೂವಂಗ ನಕ್ಕಾರ.

ನಾ ಲಗ್ನ ಆಗಿ ದಾಂಡೇಲಿಗೆ ಬಂದ ಮ್ಯಾಲೆ ದಿನಾ ಸಂಜಿ ಏಳಕ್ಕ ಅಪ್ಪನ ಫೋನು. ಆ ಹೊತ್ತಿಗೆ ನಾ ಮಷಿನ್ ಮುಂದ ಇರ್ತೇನಿ, ಕಣ್ಣು ಸೂಜಿ ಮ್ಯಾಲೆ. ಯಾರ ನಂಬರ್ ಅಂತ ನೋಡೂದಿಲ್ಲ. ಎತ್ತಿಕೊಂಡು "ಹಲೋ, ಯಾರು?" ಅಂತಿದ್ದೆ. ಆ ಕಡೆಯಿಂದ ಫೋನು ಒಡದು ಹೋಗೂವಂಗ, "ಯಾರು ಅಂತ ಕೇಳ್ತೀಯೇನು? ನಾ ನಿಮ್ಮಪ್ಪ!" ದಿನಾ ಇದ ಮಾತು, ದಿನಾ ಅದ ಸಿಟ್ಟು. ನಮ್ಮ ಮನಿಯವರು ಆಚೆ ಖೋಲಿಯಾಗ ಕುಂತಲ್ಲೇ ನಗ್ತಿದ್ರು.

ಹೋದ ವರ್ಷ ಆ ಧ್ವನಿ ಗೊಗ್ಗರಾತು. ಥಂಡಿ ಅಂದ್ಕೊಂಡ್ವಿ, ಕಷಾಯ ಕುಡಿಸಿದ್ವಿ. ಕಡೀಕ ತಂಗಿ ಹುಬ್ಬಳ್ಳಿಗೆ ಕರ್ಕೊಂಡು ಹೋದ್ಲು. ಗಂಟಲಾಗ ಗಂಟು ಐತಿ, ಕೆಟ್ಟ ಗಂಟು, ಧ್ವನಿಪೆಟ್ಟಿಗೀನ ತಗೀಬೇಕು ಅಂದ್ರು ಡಾಕ್ಟರು. ತಗದ್ರ ಜೀವ ಉಳೀತೈತಿ, ಮಾತು ಉಳಿಯೂದಿಲ್ಲ. ಹದಿನೈದು ದಿನಕ್ಕ ಆಪರೇಷನ್ ಅಂತ ಗೊತ್ತು ಮಾಡಿದ್ರು. ಬಸ್ಸಿನಾಗ ಬರೂ ಮುಂದ ಅಪ್ಪ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ನಂತ, ಕಂಡಕ್ಟರ್ ಊರ ಹೆಸರು ಕೇಳಿದ್ರೂ ಹೇಳಲಿಲ್ಲಂತ.

ನಾ ಬೆಳಿಗ್ಗಿ ಬಸ್ಸಿಗೆ ಇಂದೂರಕ್ಕ ಓಡಿದೆ. ಆಪರೇಷನ್‌ಗೆ ಅಪ್ಪ ಒಪ್ಪಿದ್ದ, ಅದರ ಬಗ್ಗೆ ತಕರಾರಿರಲಿಲ್ಲ. ನಮ್ಮಿಬ್ಬರ ಸಂಕಟ ಬ್ಯಾರೇನ ಇತ್ತು. ಇಷ್ಟು ವರ್ಷ ಮಂದಿ ಲಗ್ನದ ಬ್ಯಾಂಡು ಬಾಜಾ ಹಿಡಿದಿಟ್ಟ ನಮ್ಮ ತಂಗಿ ಕಡೆ ಅಪ್ಪನ ಧ್ವನಿ ಒಂದು ತುಣುಕೂ ಇರಲಿಲ್ಲ. ಎಲ್ಲೆಲ್ಲಿ ಹುಡುಕಿದ್ಲೋ ಪಾಪ! ಕೂಸಿಗೆ ಹೆಸರಿಡೂ ಒಂದು ಬಾರಸಿ ಕಾರ್ಯಕ್ರಮದ ವಿಡಿಯೋದಾಗ ಹಿಂದಿನಿಂದ ಯಾರೋ "ಚಾ ತರ್ರಿ" ಅಂದದ್ದು ಸಿಕ್ತು. ಅದು ಅಪ್ಪನೋ ಅಲ್ಲೋ ಅಂತ ನಾವಿಬ್ಬರೂ ಹತ್ತು ಸಲ ಕೇಳಿ ಜಗಳಾಡಿದ್ವಿ.

ತಂಗಿ ಅಪ್ಪನ ಮುಂದ ಮೊಬೈಲ್ ಹಿಡಿದು "ಯಪ್ಪಾ, ಏನರ ನಾಕು ಮಾತು ಹೇಳು" ಅಂದ್ಲು. ಅಪ್ಪನ ಕಣ್ಣು ಕೆಂಪಾದ್ವು. "ಇನ್ನೂ ಜೀವಂತ ಅದೇನಿ, ಸತ್ತಾವನ ನೆನಪು ಮಾಡಿಟ್ಟುಕೊಳ್ಳಾಂಗ ಮಾಡಬ್ಯಾಡ್ರಿ. ಸುಮ್ನ ಮಾತಾಡು ಅಂದ್ರ ಏನು ಮಾತಾಡೂದು? ಪಾತ್ರ ಕೊಡ್ರಿ, ಮಾತಾಡ್ತೇನಿ" ಅಂದು ಎದ್ದು ಗದ್ದಿ ಕಡೆ ಹೋದ.

ಪಾತ್ರ ಕೊಡ್ರಿ ಅಂದದ್ದನ್ನ ತಂಗಿ ಗಟ್ಟಿ ಹಿಡಕೊಂಡ್ಲು. ಎರಡು ದಿನದಾಗ ಕಥಿ ಬರದ್ಲು. ಒಬ್ಬ ರಾಕ್ಷಸ ಊರ ಕೆರಿ ನೀರನ್ನೆಲ್ಲಾ ಒಂದು ತಂಬಿಗ್ಯಾಗ ತುಂಬಿಟ್ಟುಕೊಂಡಾನ. ಒಬ್ಬ ಸೂಪರ್‌ಹೀರೋ ಹಾರಿ ಬಂದು ತಂಬಿಗಿ ಕಸಗೋತಾನ. ಹೀರೋಗ ಮೂರು ಮಾತು, ರಾಕ್ಷಸಗ ಮೂರು ಪುಟ. "ಯೂಟ್ಯೂಬಿಗೆ ಹಾಕೂ ಸಿನಿಮಾ ಯಪ್ಪಾ, ನಿನ್ನಂಥಾ ರಾಕ್ಷಸ ಈ ತಾಲೂಕಿನಾಗ ಮತ್ತೊಬ್ಬ ಇಲ್ಲ" ಅಂದ್ಲು. ಇದು ತನ್ನ ಧ್ವನಿ ಹಿಡಿದಿಡೂ ಹೂಟ ಅಂತ ಅಪ್ಪಗ ತಿಳೀದಂಗಿರಲಿಲ್ಲ. ಆದ್ರೂ ಹಾಳಿ ಕೈಯಾಗ ತಗೊಂಡು ಚಸ್ಮಾ ಹಾಕ್ಕೊಂಡ.

ಓದಿ ಮುಗಿಸಿ ಮದ್ಲ ಕೇಳಿದ್ದು, "ಹೀರೋ ಯಾರು? ಹೆಸರೇನು ಅವಂದು?"

"ಹೀರೋ ಹೆಸರು ಹೇಳೂದಿಲ್ಲ ಯಪ್ಪಾ. ಮುಖಾ ಮುಚ್ಚಿಕೊಂಡಿರ್ತಾನ. ಯಾರಿಗೂ ಗೊತ್ತಾಗಬಾರದು, ಅದ ಸೂಪರ್‌ಹೀರೋ ಪದ್ಧತಿ."

"ಮುಖಾ ಮುಚ್ಚಿಕೊಂಡು ಬಂದು ಹೆಸರು ಹೇಳದ ತಂಬಿಗಿ ಕಸಗೊಂಡು ಹೋಗಾಂವ ಕಳ್ಳ! ಹೀರೋ ಹೆಂಗಾದ?" ಅಂದ ಅಪ್ಪ. "ಕೇಳಾಕ ಸಾರಥಿ ಬೇಕು. ಸಾರಥಿ ಇಲ್ಲಂದ್ರ ನಾ ಇಲ್ಲ."

ಹಿಂಗ ನನಗ ಸಾರಥಿ ಪಾತ್ರ ಬಂತು. ದಾಂಡೇಲಿಯಿಂದ ರಜಾ ಹಾಕಿ ಬಂದ ನಮ್ಮ ಮನಿಯವರಿಗೆ ಹೀರೋ ಪಾತ್ರ ಬಂದದ್ದು ಮೂರ ಮಾತು ಇದ್ದದ್ದಕ್ಕ. ಊರ ಜನ ಅಂತ ಓಣಿಯ ನಾಲ್ಕು ಹೆಣ್ಣುಮಕ್ಕಳು, ಗೋವಿನಜ್ವಾಳ ಒಣಗಿಸೂದು ಬಿಟ್ಟು ಬಂದಿದ್ರು. ನೀಲಿ ಡ್ರೆಸ್ಸಿನಾಗ ನಮ್ಮ ಮನಿಯವರು ಹೊರಗ ಬಂದಾಗ ಒಬ್ಬಾಕಿ "ಅಯ್ಯ, ಹೀರೋಗ ಎಷ್ಟನೇ ತಿಂಗಳು?" ಅಂದ್ಲು. ಅವರು ಕೆಂಪು ಬಟ್ಟಿ ಮುಂದಕ್ಕ ಎಳಕೊಂಡು ಹೊಟ್ಟಿ ಮುಚ್ಚಿಕೊಂಡ್ರು. ಅಪ್ಪನೂ ನಕ್ಕ, ನಗೂ ಮುಂದ ಕೆಮ್ಮು ಬಂದು ಹತ್ತು ನಿಮಿಷ ಕುಂತ.

ಆಪರೇಷನ್‌ಗೆ ಮೂರು ದಿನ ಉಳಿದಿತ್ತು. ಅಷ್ಟೊತ್ತಿಗೆ ಅಪ್ಪನ ಧ್ವನಿ ಮುಂಜಾನೆ ಒಂದರ್ಧ ತಾಸು ಅಷ್ಟ ಏಳ್ತಿತ್ತು, ಆಮ್ಯಾಲೆ ಬರೇ ಗಾಳಿ. ಅದಕ್ಕ ಹೊತ್ತು ಹುಟ್ಟೂದರೊಳಗ ಕಣದಾಗ ಎಲ್ಲಾ ತಯಾರಿ. ಅಪ್ಪ ತನ್ನ ಹಳೇ ಕಿರೀಟ ಇಳಿಸಿ ಧೂಳು ವರೆಸಿದ್ದ, ಮಾರಿಗೆ ಬಣ್ಣ ತಾನ ಹಚ್ಚಿಕೊಂಡಿದ್ದ. ನಮ್ಮ ಮನಿಯವರು ಮೇವಿನ ಬಣವಿ ಹತ್ತಿ ಹಾರಾಕ ತಯಾರಾಗಿ ನಿಂತಿದ್ರು. ತಂಗಿ ಕ್ಯಾಮೆರಾ ಹಿಂದ. "ತಪ್ಪಿದ್ರ ಅಂಜಬ್ಯಾಡ್ರಿ, ಮತ್ತೊಮ್ಮೆ ತಗೀತೇನಿ" ಅಂದ್ಲು.

"ಮತ್ತೊಮ್ಮೆ ಅಂದ್ರೇನು? ಜನ ಕುಂತಾರ. ಆಟದಾಗ ಮತ್ತೊಮ್ಮೆ ಅನ್ನೂದಿಲ್ಲ" ಅಂದ ಅಪ್ಪ.

ಇಬ್ಬರು ಹೆಣ್ಣುಮಕ್ಕಳು ಚಾದರ್ ಅಡ್ಡ ಹಿಡಿದ್ರು. ಅದರ ಹಿಂದ ಅಪ್ಪನ ಹೆಜ್ಜಿ ಸಪ್ಪಳ, ಗೆಜ್ಜಿ ಸಪ್ಪಳ. ಚಾದರ್ ಇಳೀತು. ಕಿರೀಟ, ಕೆಂಪು ಮಾರಿ, ದೊಡ್ಡ ಮೀಸಿ ಎಲ್ಲಾ ಹಳೇದ. ಆದ್ರ ಮೈ ಇಳಿದು ಎದಿಕವಚ ಜೋತು ಬಿದ್ದಿತ್ತು. ಬಣ್ಣ ಹಚ್ಚದ ಕುತ್ತಿಗಿ ಮ್ಯಾಲೆ ಆ ಗಂಟು ಕಾಣ್ತಿತ್ತು. ಈಗ ನಾ "ಹೀಗೆ ಬಂದಂಥವರು ತಾವು ಧಾರು" ಅಂತ ಕೇಳಬೇಕು, ಒಂಬತ್ತು ವರ್ಷದಾಕಿ ಇದ್ದಾಗಿಂದ ಬಾಯಿಪಾಠ ಇದ್ದ ಮಾತು. ನನ್ನ ಬಾಯಿಂದ ಬಂದದ್ದು ಬ್ಯಾರೆ.

"ಯಪ್ಪಾ... ಯಾರು ನೀ?"

ಅಂದಕೂಡ್ಲೆ ನಾಲಿಗಿ ಕಚ್ಚಿಕೊಂಡೆ. ಓಣಿ ಹೆಣ್ಣುಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದ್ರು. ಅಪ್ಪ ಎತ್ತಿದ ಕೈ ಹಂಗ ಹಿಡಿದು ನನ್ನ ನೋಡ್ಕೋತ ನಿಂತ. ಸಾರಥಿ ಕೇಳಿ ಆಗಿತ್ತು. ಕೇಳಿದ್ದಕ್ಕ ಉತ್ತರ ಕೊಡಬೇಕು, ಮತ್ತೊಮ್ಮೆ ಅನ್ನೂದಿಲ್ಲ.

"ಯಾರು ಅಂತ ಕೇಳ್ತೀಯೇನು? ನಾ ನಿಮ್ಮಪ್ಪ!"

ಬಣವಿ ಮ್ಯಾಲಿನ ಕಾಗಿ ಹಾರಿ ಹೋದ್ವು. ಅಂಥಾ ಧ್ವನಿ ಎಲ್ಲಿಟ್ಟಿದ್ನೋ ಶಿವನ ಬಲ್ಲ. ಎರಡು ಹೆಜ್ಜಿ ಕುಣಿದು ಮುಂದ ಬಂದು ಆಟದ ಧಾಟಿಯೊಳಗ ಹೇಳಿದ. "ಭಲೇ ಸಾರಥೀ, ಕೇಳು! ಈ ಇಂದೂರ ಸೀಮೆಯೊಳಗೆ ಎರಡೆಕರೆ ಗದ್ದೆಯ ರಾಜ್ಯವನ್ನಾಳಿದಂಥವನು! ಹುಲಿಯನ್ನು ಕೊಂದವನಲ್ಲ, ಕೋಟೆಯನ್ನು ಗೆದ್ದವನಲ್ಲ, ತಾಯಿಯಿಲ್ಲದ ಎರಡು ಹೆಣ್ಣುಮಕ್ಕಳಿಗೆ ದಿನಂಪ್ರತಿ ನಾಲ್ಕು ಜಡೆಗಳನ್ನು ಹೆಣೆದಂಥವನು! ಅದರಲ್ಲಿ ಒಂದು ಜಡೆಯೂ ಸಾಲಿ ಮುಟ್ಟುವ ತನಕ ಬಿಚ್ಚಲಿಲ್ಲವೆಂಬ ಕೀರ್ತಿಯುಳ್ಳವನು! ನಾನು..."

ಅಲ್ಲಿಗೆ ಧ್ವನಿ ಹರೀತು. ತುಟಿ ಇನ್ನೂ ಆಡ್ತಿದ್ವು, ಸಪ್ಪಳ ಇರಲಿಲ್ಲ. ಕೈಯಾಗಿನ ತಂಬಿಗಿ ಕೆಳಗಿಟ್ಟು ಎದಿ ಮ್ಯಾಲೆ ಕೈ ಇಟ್ಟುಕೊಂಡು ತಲಿ ಬಗ್ಗಿಸಿದ. ದೊಡ್ಡಾಟದಾಗ ಪಾತ್ರ ಮುಗಿಸಿ ಹೋಗೂ ಮುಂದ ಹಂಗ ಮಾಡ್ತಿದ್ದ.

ನಮ್ಮ ಮನಿಯವರು ಹಾರಲಿಲ್ಲ. ಬಣವಿಯಿಂದ ಮೆಲ್ಲಕ ಇಳಿದು ಕಣ್ಣಪಟ್ಟಿ ಬಿಚ್ಚಿ, ಕೆಳಗಿದ್ದ ಅದ ತಂಬಿಗ್ಯಾಗ ನೀರು ತಂದು "ಮಾವಾರ, ಕುಡೀರಿ" ಅಂದ್ರು. ಕಣ್ಣು ಒದ್ದಿಯಾಗಿದ್ವು. ತಂಗಿ ಕ್ಯಾಮೆರಾ ನಿಲ್ಲಿಸೂದೂ ಮರ್ತು ಹಂಗ ಕುಕ್ಕರಗಾಲಿಲೆ ಕುಂತುಬಿಟ್ಟಿದ್ಲು.

ರಾಕ್ಷಸನ ಮೂರು ಪುಟ ಹಂಗ ಉಳೀತು. ಮರುದಿನ ಮುಂಜಾನೆ ನೋಡಿದ್ವಿ, ಅದರ ಮರುದಿನಾನೂ ನೋಡಿದ್ವಿ, ಧ್ವನಿ ಏಳಲೇ ಇಲ್ಲ. ನನಗ ನನ್ನ ಮ್ಯಾಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದ ಅವಕಾಶ ಇತ್ತು, ಒಂದು ಸಾಲು ಬರೋಬ್ಬರಿ ಹೇಳಾಕ ಬರಲಿಲ್ಲ ನನಗ. ಮೂರು ಪುಟ ಸಿಗೋದಿತ್ತು, ಸಿಕ್ಕದ್ದು ಒಂದು ನಿಮಿಷ. "ನೀ ಹಾಳು ಮಾಡಿದಿ" ಅಂತ ತಂಗಿ ಒಮ್ಮೆಯರ ಬೈದಿದ್ರ ಹಗೂರಾಗ್ತಿತ್ತು. ಆಕಿ ಬೈಲಿಲ್ಲ.

ಆಪರೇಷನ್ ಸುಸೂತ್ರ ಆತು. ಗಂಟಲಾಗ ಈಗ ಒಂದು ತೂತು, ಉಸರಾಡೂದು ಅದರಿಂದನ. ದವಾಖಾನ್ಯಾಗ ನಾವು ಕೇಳಿದ್ದಕ್ಕ ಅಪ್ಪ ಮಂಚದ ಕಬ್ಬಿಣಕ್ಕ ಬೆರಳಿಲೆ ಕುಟ್ಟಾಕ ಹತ್ತಿದ. ಒಮ್ಮೆ ಕುಟ್ಟಿದ್ರ ಹೌದು, ಎರಡು ಸಲ ಕುಟ್ಟಿದ್ರ ಅಲ್ಲ. ಗಂಜಿಗೆ ಉಪ್ಪು ಕಡಿಮಿ ಆದಾಗ ಹತ್ತು ಸಲ ಕುಟ್ಟಿದ, ಅದರ ಅರ್ಥ ಯಾರೂ ಕೇಳಲಿಲ್ಲ.

ಅಪ್ಪ ಊರಿಗೆ ಹೋದ, ನಾ ದಾಂಡೇಲಿಗೆ ಹೊಳ್ಳಿ ಬಂದೆ. ಹಗಲೆಲ್ಲಾ ಹೆಂಗೋ ನಡೀತಿತ್ತು. ಸಂಜಿ ಏಳಾತಂದ್ರ ಕೈ ಓಡ್ತಿರಲಿಲ್ಲ. ತಂಗಿ ಒಂಬತ್ತಕ್ಕ ಫೋನ್ ಮಾಡಿ ಅಪ್ಪನ ಸುದ್ದಿ ಎಲ್ಲಾ ಹೇಳ್ತಿದ್ಲು. ಊಟ ಮಾಡ್ತಾನ, ಗದ್ದಿಗೆ ಹೋಗಿ ಬರ್ತಾನ, ಆಕಿ ಫೋನ್ ಕೇಳಿ ತಗೊಂಡು ಏನೋ ಒತ್ತಾಡ್ತಾನ ಅಂತಿದ್ಲು. ನಾ ಹೂಂ ಹೂಂ ಅಂತಿದ್ದೆ. ಆದ್ರ ಏಳರ ಹೊತ್ತು ಖಾಲಿನ ಇರ್ತಿತ್ತು. ನಮ್ಮ ಮನಿಯವರು ಅದ ಹೊತ್ತಿಗೆ ಚಾ ಮಾಡಿಕೊಂಡು ಬಂದು ಮಷಿನ್ ಹತ್ರ ಇಟ್ಟು, ಬಾಜೂಕ ಕುಂತಿರ್ತಿದ್ರು.

ಹಂಗ ಒಂದು ತಿಂಗಳು ಹೋಗಿತ್ತು. ಒಬ್ಬಾಕಿ ಲಗ್ನದ ಬ್ಲೌಸಿಗೆ ತೋಳು ಕೂಡಸ್ತಿದ್ದೆ, ಮರುದಿನ ಕೊಡಬೇಕಿತ್ತು. ಫೋನ್ ಬಡೀತು. ಕಣ್ಣು ಸೂಜಿ ಮ್ಯಾಲಿಂದ ಎತ್ತದ ಕಿವಿಗೆ ಹಚ್ಚಿಕೊಂಡು ಅಂದೆ, "ಹಲೋ, ಯಾರು?"

ಆ ಕಡೆಯಿಂದ ಟಕ್ ಅಂತ ಏನೋ ಒತ್ತಿದ ಸಪ್ಪಳ.

"ಯಾರು ಅಂತ ಕೇಳ್ತೀಯೇನು? ನಾ ನಿಮ್ಮಪ್ಪ!"

ಕಣದಾಗ ತಂಗಿ ಹಿಡಿದಿಟ್ಟ ಅದ ಮಾತು, ಹಿಂದ ಕಾಗಿ ಹಾರಿದ ಸಪ್ಪಳ ಸೈತ ಇತ್ತು. ಮಷಿನ್ ನಿಂತಿತು. ಆಚೆ ಖೋಲಿಯಿಂದ ನಮ್ಮ ಮನಿಯವರು ಎದ್ದು ಬಂದು ಬಾಗಲಾಗ ನಿಂತ್ರು. ಫೋನಿನಾಗ ಅಪ್ಪನ ಗೊಗ್ಗರ ಉಸರು ಅಷ್ಟ ಕೇಳ್ತಿತ್ತು, ನನ್ನ ಮಾತಿಗೆ ಕಾಯಾಕ ಹತ್ತಿದ್ದ. ನಾ ಅಳ್ತಿದ್ದೆ, ಅದು ಅವಗ ಗೊತ್ತಾಗಬಾರದು ಅಂತ ಸೆರಗು ಬಾಯಿಗೆ ಇಟ್ಟುಕೊಂಡಿದ್ದೆ. ಆಮ್ಯಾಲೆ ಕಣ್ಣು ವರೆಸಿಕೊಂಡು ಕೇಳಿದೆ.

"ಯಪ್ಪಾ, ಊಟಾ ಆತೇನ?"

ಆ ಕಡೆಯಿಂದ ಫೋನಿನ ಮ್ಯಾಲೆ ಬೆರಳಿಲೆ ಒಮ್ಮೆ ಕುಟ್ಟಿದ ಸಪ್ಪಳ ಬಂತು.