ಚಳಿಗೆ ಏಳದ ಎಂಜಿನ್

ಹಗ್ಗ ಎಳೆದೆಳೆದು ನನ್ನ ರಟ್ಟೆ ಬಿದ್ದುಹೋಗಿತ್ತು. ದೇಗಾಂವದ ನಮ್ಮ ಹೊಲಕ್ಕೆ ನೀರೆತ್ತುವ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಎಪ್ಪತ್ನಾಲ್ಕರ ಆ ಚಳಿಗಾಲದ ಮುಂಜಾನೆ ಏನು ಮಾಡಿದರೂ ಏಳಲೊಲ್ಲದು. ಮೆಣಸಿನ ಸಸಿಗಳು ಬಾಡುತ್ತಿದ್ದವು. ಸಿಟ್ಟಿಗೆ ಒಮ್ಮೆ ಒದ್ದು, ಎಂ.ಕೆ. ಹುಬ್ಬಳ್ಳಿಯ ಎಂಜಿನ್ ಮೇಸ್ತ್ರಿಗೆ ಹೇಳಿ ಕಳಿಸಿದೆ.

ಬುತ್ತಿ ತಂದ ಅತ್ತಿಗೆ ಕೇಳಿದರು: “ನಿನ್ನೆ ಸೀಮೆಎಣ್ಣಿ ಮ್ಯಾಲೇ ಬಂದ್ ಮಾಡೀರಿ, ಹೌದಿಲ್ಲೋ? ಬ್ಯಾಸಿಗ್ಯಾಗ ನಡೀತೈತಿ. ಥಂಡ್ಯಾಗ ಒಳಗ ಉಳಿದ ಸೀಮೆಎಣ್ಣಿ ಹತ್ತೂದಿಲ್ಲ, ಅದಕ್ಕ ನಿಮ್ಮಣ್ಣಾರು ಪೆಟ್ರೋಲಿಗೆ ತಿರುಗಿಸಿ ಬಂದ್ ಮಾಡ್ತಾರ.”

ತುಟ್ಟಿಯಾದ ಪೆಟ್ರೋಲು ಉಳಿಸಲು ಹೋಗಿ ನಾನು ಮಾಡಿದ್ದು ಅದನ್ನೇ. ಅತ್ತಿಗೆ ಕಾರ್ಬೊರೇಟರಿನಲ್ಲಿ ಉಳಿದಿದ್ದ ಸೀಮೆಎಣ್ಣೆ ಬಸಿದು ಪೆಟ್ರೋಲು ಬಿಟ್ಟರು. ಒಂದೇ ಎಳೆತಕ್ಕೆ ಎಂಜಿನ್ ಎದ್ದಿತು.

ಮಧ್ಯಾಹ್ನ ಬಂದ ಮೇಸ್ತ್ರಿ, ಯಾರು ರಿಪೇರಿ ಮಾಡಿದ್ದೆಂದು ಕೇಳಿದ. ‘ನಾನೇ’ ಅಂದುಬಿಟ್ಟೆ.

ಪಕ್ಕದಲ್ಲೇ ಇದ್ದ ಅತ್ತಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಆ ಸುಳ್ಳು ನನ್ನನ್ನು ಇಷ್ಟು ದಿನ ಚುಚ್ಚುತ್ತಿರಲಿಲ್ಲ.